ಟೇಪಕ್ಕನ ಕಾಲೇಜು, ಗೊಣಗಣ್ಣನ ಕಾಲು

ಟೇಪಕ್ಕನ ಅಣ್ಣ ಯಾವುದನ್ನಾದರೂ ‘ಚೆನ್ನಾಗಿದೆ’ ಎಂದುಬಿಟ್ಟರೆ ಮನೆಮಂದಿಗೆಲ್ಲ ಗಾಬರಿ. ಆತ ಹಾಗೆ ಅನ್ನುವ ಆಸಾಮಿಯೇ ಅಲ್ಲ. ಬಿಸಿಲು ಬಂದರೆ ಬಿಸಿಲಿಗೆ ಬೈಗುಳ, ಮೋಡ ಕವಿದರೆ ಮೋಡಕ್ಕೆ. ಕಾಫಿ ಬಿಸಿಯಾಗಿ ಕೊಟ್ಟರೆ ನಾಲಿಗೆ ಸುಟ್ಟಿತು, ಆರಿಸಿ ಕೊಟ್ಟರೆ ಇದೇನು ಪಾತ್ರೆ ತೊಳೆದ ನೀರಾ. ಬೀದಿಯವರು ಅವನಿಗೆ ಗೊಣಗಣ್ಣ ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು. ಆ ಹೆಸರನ್ನೂ ಅವನು ಗೊಣಗಿಕೊಂಡೇ ಒಪ್ಪಿದ್ದು.

ಕಸುಬಿನಲ್ಲಿ ಅವನು ಕ್ಷೌರಿಕ. ಕೈಚಳಕದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಗಿರಾಕಿ ಕುರ್ಚಿಯಲ್ಲಿ ಕೂತು ಬಿಳಿ ಬಟ್ಟೆ ಹೊದ್ದ ಕೂಡಲೇ ಮೊದಲು ನಡೆಯುವುದು ವಿಚಾರಣೆ. ಗೊಣಗಣ್ಣ ಬಾಚಣಿಗೆ ಹಿಡಿದು ಕುರ್ಚಿಯ ಸುತ್ತ ಒಂದು ಸುತ್ತು ಬರುತ್ತಾನೆ, ಗದ್ದ ಹಿಡಿದು ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾನೆ, ಮೂಗು ಮುರಿಯುತ್ತಾನೆ. “ಈ ತಲೆ ಯಾರು ಮುಟ್ಟಿದ್ದು? ಕತ್ತರಿ ಹಿಡಿದಿದ್ನೋ, ಕುಡುಗೋಲು ಹಿಡಿದಿದ್ನೋ?” ಎಂದು ಶುರುಮಾಡಿದರೆ ಕೊನೆಯ ಕೂದಲು ನೆಲಕ್ಕೆ ಬೀಳುವತನಕ ನಿಲ್ಲುವುದಿಲ್ಲ. ಬೈಸಿಕೊಂಡರೇ ಕ್ಷೌರ ಪೂರ್ತಿಯಾಗುವುದು ಎಂದು ಗಿರಾಕಿಗಳೂ ಒಗ್ಗಿಹೋಗಿದ್ದರು.

ಸೆಲೂನಿನ ಪಕ್ಕದ್ದೇ ತಂಗಿಯ ಹೊಲಿಗೆ ಅಂಗಡಿ. ನಡುವೆ ಒಂದು ಹಲಗೆಯ ಗೋಡೆ, ಅಷ್ಟೇ. ಈ ತಂಗಿಯ ಕೊರಳಲ್ಲಿ ಅಳತೆಯ ಟೇಪು ಇಲ್ಲದ ಹೊತ್ತನ್ನು ಕಂಡವರಿಲ್ಲ. ಅದಕ್ಕೇ ಟೇಪಕ್ಕ. ಮದುವೆಗೆ ಹೋದರೂ ಮರೆತು ಟೇಪು ಹಾಕಿಕೊಂಡೇ ಹೋಗಿ, ಫೋಟೋದಲ್ಲಿ ಮದುಮಗಳ ಪಕ್ಕ ಹಾಗೇ ನಿಂತಿದ್ದಾಳೆ. ಹಲಗೆಯ ಆ ಕಡೆಯಿಂದ ಅಣ್ಣನ ಗೊಣಗಾಟ, ಈ ಕಡೆಯಿಂದ ಹೊಲಿಗೆ ಯಂತ್ರದ ಸದ್ದು. ದಿನ ಹೀಗೇ ಕಳೆಯುತ್ತಿತ್ತು.

ಆಮೇಲೆ ಒಂದು ಲಾರಿ ಬಂದು ಗೊಣಗಣ್ಣನ ಸ್ಕೂಟರಿಗೆ ಗುದ್ದಿತು. ಎಡಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದ ಮೇಲೆ ತಟ್ಟೆಯಲ್ಲಿ ನೀರು ನೀರಾದ ಅನ್ನ, ಉಪ್ಪಿಲ್ಲದ ಸಾರು ತಂದಿಟ್ಟರು. ಆತ ತಿಂದು ಕೈ ಒರೆಸಿಕೊಂಡು, “ಊಟ ಚೆನ್ನಾಗಿದೆ” ಅಂದ. ಅತ್ತಿಗೆ ಹೋ ಎಂದು ಅಳುತ್ತಾ ಡಾಕ್ಟರ ಹಿಂದೆ ಓಡಿದಳು.

“ಡಾಕ್ಟ್ರೇ, ನಮ್ಮೆಜಮಾನ್ರಿಗೆ ಏನೋ ಆಗಿದೆ, ಬೇಗ ಬನ್ನಿ!”

“ಅಮ್ಮಾ, ಅವ್ರ ಕಾಲು ಹೋಗಿದೆ. ನಿಮಗೆ ಹೇಳಿದ್ವಲ್ಲ.”

“ಕಾಲು ಹೋಗಿದ್ದು ಗೊತ್ತು ಡಾಕ್ಟ್ರೇ. ಊಟ ಚೆನ್ನಾಗಿದೆ ಅಂತಿದಾರೆ!”

ಡಾಕ್ಟರಿಗೆ ಅರ್ಥವಾಗಲಿಲ್ಲ. ಟೇಪಕ್ಕನಿಗೆ ಆಯಿತು. ಅಣ್ಣ ಚೆನ್ನಾಗಿದ್ದಾಗ ಗೊಣಗುತ್ತಾನೆ, ನೋವು ತಡೆಯಲಾರದಷ್ಟಾದರೆ ಹೊಗಳುತ್ತಾನೆ. ಚಿಕ್ಕಂದಿನಿಂದಲೂ ಹಾಗೇ. ಯಾರಿಗೂ ತೊಂದರೆ ಕೊಡಬಾರದು ಎಂದು ಒಳಗೊಳಗೇ ಹಲ್ಲು ಕಚ್ಚಿಕೊಳ್ಳುವ ಜಾತಿ ಅದು.

ಮೊದಲ ಕೃತಕ ಕಾಲು ಬಂತು. ನಿಂತರೆ ಮಂಡಿಯ ಹೊರಬದಿಯ ಮೂಳೆಗೆ ಒತ್ತುತ್ತಿತ್ತು. ಒಂದಿಷ್ಟು ದಿನ ಹಾಕಿಕೊಂಡ, ಆಮೇಲೆ ಅದನ್ನು ಬಾಗಿಲ ಮೂಲೆಯಲ್ಲಿ ಕೊಡೆಯ ಪಕ್ಕ ಒರಗಿಸಿಟ್ಟ. ಕತ್ತರಿ ಕೆಲಸಕ್ಕೆ ಬೇರೊಬ್ಬ ಹುಡುಗನನ್ನು ಇಟ್ಟುಕೊಂಡು ತಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಹಲಗೆಯ ಆ ಕಡೆಯಿಂದ ಈಗ ರೇಡಿಯೋ ಒಂದೇ ಕೇಳುತ್ತಿತ್ತು. ಆ ಮೌನ ಟೇಪಕ್ಕನಿಗೆ ಎಷ್ಟು ಹಿಂಸೆ ಅಂದರೆ, ಯಂತ್ರ ತುಳಿಯುವುದನ್ನು ನಿಲ್ಲಿಸಿ, ಒಂದು ಬೈಗುಳವಾದರೂ ಬಂದೀತೇ ಎಂದು ಕಿವಿಗೊಟ್ಟು ಕೂರುತ್ತಿದ್ದಳು. ಬರುತ್ತಿರಲಿಲ್ಲ.

ಸುಮ್ಮನೆ ಕೂರುವವಳಲ್ಲ ಅವಳು. ಮೆತ್ತನೆಯ ಬಟ್ಟೆ ತಂದು, ಮಂಡಿಯ ಕೆಳಗೆ ಉಳಿದ ಕಾಲಿನ ತುಂಡಿಗೆ ಹಾಕಿಕೊಳ್ಳುವ ಕಾಲ್ಚೀಲವೊಂದನ್ನು ಹೊಲಿದು, ಒತ್ತುವ ಮೂಳೆಯ ಜಾಗಕ್ಕೆ ಸರಿಯಾಗಿ ದುಂಡಗೆ ತೂತು ಬಿಟ್ಟಳು. ಕಾಲು ತೋರಿಸಲು ಆಸ್ಪತ್ರೆಗೆ ಹೋದಾಗ ಅಲ್ಲಿಯ ಮೇಡಂ ಅದನ್ನು ಒಳಗು ಹೊರಗು ತಿರುವಿ ನೋಡಿದರು. ಮೇಡಂ ಅಂದರೆ ಕೃತಕ ಕಾಲು ಮಾಡುವ ಹೆಂಗಸು. ತಲೆಯೂ ಬಿಳಿ, ಚಪ್ಪಲಿಯೂ ಬಿಳಿ. ಒಂದು ವಯಸ್ಸಿನಿಂದ, ಇನ್ನೊಂದು ಪ್ಲಾಸ್ಟರಿನಿಂದ.

“ಇದನ್ನ ಹೊಲಿದೋರು ಯಾರು?”

“ನಾನೇ ಮೇಡಂ. ತಪ್ಪಾಯ್ತಾ?”

“ತಪ್ಪೇ. ಈ ತೂತಿನ ಅಂಚೇ ಸುತ್ತ ಒತ್ತುತ್ತೆ, ಊತ ಬರುತ್ತೆ. ಇದನ್ನ ಬಿಸಾಕಿ. ಆದ್ರೆ ಜಾಗ ಸರಿಯಾಗಿ ಹಿಡಿದಿದ್ದೀರ.”

ಟೇಪಕ್ಕನಿಗೆ ಬಿಸಾಕಿ ಅಂದದ್ದು ಕೇಳಿಸಲೇ ಇಲ್ಲ. “ಮೇಡಂ, ಈ ಕೆಲಸ ನಾನು ಕಲೀಬಹುದಾ?” ಎಂದು ಕೇಳಿಯೇಬಿಟ್ಟಳು.

ಕಲಿಯಬಹುದು, ಆದರೆ ನೇರವಾಗಿ ಬಂದು ಪ್ಲಾಸ್ಟರ್ ಉಜ್ಜುವ ಅರ ಹಿಡಿಯುವ ಕೆಲಸ ಅಲ್ಲ ಅಂದರು ಮೇಡಂ. ಮೊದಲು ಪದವಿ ಬೇಕು. ಆ ಪದವಿಯಲ್ಲಿ ಅಂಗರಚನೆ ಓದಿರಬೇಕು, ಶರೀರ ಹೇಗೆ ಕೆಲಸ ಮಾಡುತ್ತದೆ ಎಂದು ಓದಿರಬೇಕು, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ ಎಲ್ಲ ಇರಬೇಕು. ಕೊನೆಗೆ ಇಲ್ಲಿ ಬಂದು ಕೆಲಸ ನೋಡಿರಬೇಕು. ಅಷ್ಟಾದ ಮೇಲೆ ಕೃತಕ ಕೈಕಾಲು, ಬೆನ್ನಿನ ಪಟ್ಟಿ, ಕಾಲಿನ ಆಸರೆ ಇವನ್ನೆಲ್ಲ ಮಾಡುವ ತರಬೇತಿಗೆ ಸೀಟು. ಟೇಪಕ್ಕ ಪದವಿಯ ಮೊದಲ ವರ್ಷ ಮುಗಿಸಿ, ಮದುವೆ ಆಯಿತು ಎಂದು ಬಿಟ್ಟವಳು. ಬಿಟ್ಟ ಕಾಲೇಜಿನ ಗೋಡೆಗೆ ಆಗಿನಿಂದ ಎಷ್ಟು ಸಲ ಸುಣ್ಣ ಬಳಿದರೋ.

ಮನೆಯಲ್ಲಿ ಹೇಳಿದಳು. ಗಂಡ ಶಾಲಾ ವ್ಯಾನಿನ ಡ್ರೈವರ್, ನಗುವ ಮನುಷ್ಯ. “ಓದು, ಅದಕ್ಕೇನಂತೆ. ನಾನೇ ಬಿಟ್ಟು ಬರ್ತೀನಿ. ಹೇಗಿದ್ರೂ ವ್ಯಾನ್ ಹಿಂದೆ ‘ಶಾಲಾ ಮಕ್ಕಳಿದ್ದಾರೆ, ನಿಧಾನ’ ಅಂತ ಬರೆದಿದೆ,” ಅಂದ.

ಗೊಣಗಣ್ಣ ಮಾತ್ರ ಮುಖ ಗಂಟಿಕ್ಕಿದ. “ಈ ವಯಸ್ಸಿಗೆ ಕಾಲೇಜಾ? ಓದಿ ಏನು ಕಡಿದು ಕಟ್ಟೆ ಹಾಕ್ತೀಯಾ?”

“ನಿಂಗೆ ಕಾಲು ಮಾಡ್ತೀನಿ.”

ಅವನು ಮೂಲೆಯ ಕಾಲಿನ ಕಡೆ ನೋಡಿ, “ಹಾಗಾದ್ರೆ ಬಣ್ಣ ಸರಿಯಾಗಿರ್ಲಿ. ಇದು ಗೊಂಬೆ ಕಾಲಿದ್ದಂಗಿದೆ,” ಅಂದ.

ಕಾಲೇಜಿನಲ್ಲಿ ಮೊದಲ ವಾರ ಎಲ್ಲರೂ ಆಂಟಿ ಅಂದರು, ಯಾರದೋ ಪೋಷಕಿ ಎಂದುಕೊಂಡು ಜವಾನ ಆಫೀಸಿನ ದಾರಿ ತೋರಿಸಿದ. ಎರಡನೇ ವಾರ ಒಬ್ಬ ಹುಡುಗಿಯ ಹರಿದ ಚೀಲವನ್ನು ಬೆಂಚಿನ ಮೇಲೇ ಕೂತು ಹೊಲಿದುಕೊಟ್ಟದ್ದೇ, ಟೇಪಕ್ಕ ಇಡೀ ತರಗತಿಗೆ ಅಕ್ಕನಾದಳು. ಅಂಗರಚನೆಯ ಕೋಣೆಯಲ್ಲಿ ಗಾಜಿನ ಬೀರುವಿನೊಳಗೆ ಅಸ್ಥಿಪಂಜರ ನಿಂತಿತ್ತು. ಟೇಪಕ್ಕನಿಗೆ ಕೈ ತಡೆಯಲಿಲ್ಲ. ಬಾಗಿಲು ತೆಗೆದಿದ್ದನ್ನು ಕಂಡು ಟೇಪು ಹಿಡಿದೇಬಿಟ್ಟಳು. “ಪಾಪ, ಎದೆ ಸುತ್ತಳತೆ ಏನೂ ಇಲ್ಲ” ಅಂದದ್ದು ಮೇಷ್ಟ್ರಿಗೂ ಕೇಳಿಸಿತು.

ಅಂಗರಚನೆ ಅವಳಿಗೆ ಹಿಡಿಸಿತು. ಇಷ್ಟು ವರ್ಷ ಮೈಯನ್ನು ಹೊರಗಿನಿಂದ ಬಲ್ಲವಳು, ಈಗ ಒಳಗೆ ಇಣುಕಿದಂತಾಯಿತು. ಒಬ್ಬ ಹುಡುಗಿಗೆ ರವಿಕೆ ಹೊಲಿಯುವಾಗ ಒಂದು ಭುಜ ಕೆಳಗಿದೆ ಎಂದು ಆ ಕಡೆ ದಪ್ಪ ಪ್ಯಾಡ್ ಇಟ್ಟು ಸಮ ಮಾಡಿ, ಭೇಷ್ ಅನ್ನಿಸಿಕೊಂಡಿದ್ದಳು. ಬೆನ್ನುಮೂಳೆ ಬಾಗುವುದರ ಪಾಠ ಕೇಳಿದ ದಿನ ಅವಳಿಗೆ ಆ ಭುಜ ನೆನಪಾಗಿ ಊಟ ಸೇರಲಿಲ್ಲ. ಮಾರನೇ ದಿನವೇ ಆ ಹುಡುಗಿಯ ತಾಯಿಯನ್ನು ಹುಡುಕಿಕೊಂಡು ಹೋಗಿ, “ಡಾಕ್ಟ್ರಿಗೆ ತೋರಿಸಿ, ಬೆನ್ನಿಗೆ ಪಟ್ಟಿ ಹಾಕ್ತಾರೆ, ಬೆಳೆಯೋ ವಯಸ್ಸಲ್ಲೇ ಹಾಕ್ಬೇಕಂತೆ,” ಎಂದು ಹೇಳಿ ಬಂದ ಮೇಲೆಯೇ ಸಮಾಧಾನ.

ಭೌತಶಾಸ್ತ್ರ ಮಾತ್ರ ಕಬ್ಬಿಣದ ಕಡಲೆ. ಬಲ, ಭಾರ, ಆಧಾರದಿಂದ ದೂರ ಎಂದು ಮೇಷ್ಟ್ರು ಕರಿಹಲಗೆಯ ಮೇಲೆ ಬಾಣ ಎಳೆದರೆ ಟೇಪಕ್ಕನ ತಲೆ ಚಿಟ್ಟುಹಿಡಿಯುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಡುಮ್ಕಿ. ಗಂಡ ವ್ಯಾನಿನ ಚಕ್ರ ಬಿಚ್ಚುತ್ತಿದ್ದವನು ಅವಳನ್ನು ಕರೆದು ಕೈಗೆ ಗಿಡ್ಡ ಸ್ಪಾನರ್ ಕೊಟ್ಟ. ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅದಕ್ಕೊಂದು ಉದ್ದನೆಯ ಪೈಪು ಸಿಕ್ಕಿಸಿ ಕೊಟ್ಟ, ಕಿರ್ರೆಂದು ತಿರುಗಿತು.

“ಇಷ್ಟೇನಾ? ಆ ಮೇಷ್ಟ್ರು ಹೀಗಂತ ಹೇಳಬಾರದಿತ್ತಾ?”

“ಹೇಳಿರ್ತಾರೆ. ನೀನು ಮುಂದಿನ ಬೆಂಚಿನ ಹುಡುಗೀರ ಕುರ್ತಾ ಹೊಲಿಗೆ ನೋಡ್ತಿದ್ದೆ.”

ಮಾತು ನಿಜವಾಗಿದ್ದರಿಂದ ಟೇಪಕ್ಕ ಪೈಪನ್ನು ಅವನ ಕೈಗೆ ಕುಕ್ಕಿ ಒಳಗೆ ಹೋದಳು. ಎರಡನೇ ಸಲ ಪಾಸಾದಳು.

ಮನಃಶಾಸ್ತ್ರದ ತರಗತಿಯಲ್ಲಿ, ನೋವಿದ್ದವರು ಸಾಮಾನ್ಯವಾಗಿ ದೂರು ಹೇಳುತ್ತಾರೆ ಎಂಬ ಮಾತು ಬಂದಾಗ ಅವಳು ಕೈ ಎತ್ತಿದ್ದೂ ಉಂಟು. “ನಮ್ಮನೇಲೊಬ್ರಿದಾರೆ ಮಿಸ್. ನೋವಿಲ್ಲದಾಗ ಮಾತ್ರ ದೂರು ಹೇಳ್ತಾರೆ.” ತರಗತಿ ಗೊಳ್ಳೆಂದು ನಕ್ಕಿತು, ಅವಳೂ ನಕ್ಕಳು.

ಹೀಗೆ ವರ್ಷಗಳು ಉರುಳಿ ಕೊನೆಯ ಅವಧಿ ಬಂತು. ಈಗ ಪಾಠ ಪ್ಲಾಸ್ಟರ್ ಕೋಣೆಯಲ್ಲಿ, ಅದೇ ಬಿಳಿ ಚಪ್ಪಲಿ ಮೇಡಂ ಹತ್ತಿರ. ವಿದ್ಯಾರ್ಥಿಗಳು ಒಬ್ಬೊಬ್ಬರೂ ಒಪ್ಪಿಗೆ ಕೊಟ್ಟ ಒಬ್ಬೊಬ್ಬರ ಕಾಲಿಗೆ ಪರೀಕ್ಷೆಯ ಸಾಕೆಟ್ ಮಾಡಬೇಕು. ಸಾಕೆಟ್ ಅಂದರೆ ಉಳಿದ ಕಾಲು ಒಳಗೆ ಕೂರುವ ಬಟ್ಟಲು. ಕೃತಕ ಕಾಲಿನ ಜೀವವೆಲ್ಲ ಅದರಲ್ಲೇ. ತರಬೇತಿ ಶಾಲೆಯಿಂದ ಪರೀಕ್ಷಕರು ಬಂದು, ಅದನ್ನು ಹಾಕಿ ನಡೆಸಿ ನೋಡುತ್ತಾರೆ. ಅವರು ಹೂಂ ಅಂದರೆ ಸೀಟು. ಮೇಡಂ ಆ ದಿನಗಳಲ್ಲಿ ವಿದ್ಯಾರ್ಥಿಗಳ ಕೆಲಸದ ಬಗ್ಗೆ ತುಟಿ ಬಿಚ್ಚುವಂತಿಲ್ಲ.

ಟೇಪಕ್ಕ ಯಾರನ್ನು ಕರೆತಂದಳು ಎಂದು ಬೇರೆ ಹೇಳಬೇಕೆ? ಗೊಣಗಣ್ಣ ಬರಲು ಒಪ್ಪಿದ್ದೂ ಒಂದು ಷರತ್ತಿನ ಮೇಲೆ. “ನೋಡು, ಇದೇ ಕೊನೆ. ಇದೂ ಒತ್ತಿದ್ರೆ ಕಾಲಿನ ಮಾತು ಈ ಮನೇಲಿ ಯಾರೂ ಎತ್ತಬಾರದು. ಅಂಗಡಿ ಆ ಹುಡುಗನಿಗೇ ಬಿಟ್ಟುಕೊಟ್ಟು ಮನೇಲಿ ಕೂತ್ಕೋತೀನಿ.” ನಗುನಗುತ್ತಾ ಹೂಂ ಅಂದಳಾದರೂ ಆ ಮಾತು ಟೇಪಕ್ಕನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು. ಅವಳಿಗೆ ಬೇಕಿದ್ದದ್ದು ಒಂದೇ: ಅಣ್ಣ ಮತ್ತೆ ಆ ಕುರ್ಚಿಯ ಸುತ್ತ ತಿರುಗಬೇಕು.

ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದಳು. “ಅಯ್ಯಯ್ಯೋ, ಹಿಮ ಸುತ್ತಿದಂಗಿದೆ!” ಎಂದು ಅಣ್ಣ ಕೂಗಿದ. ಒಣಗಿದ ಚಿಪ್ಪು ಬಿಚ್ಚಿ, ಅದರೊಳಗೆ ಪ್ಲಾಸ್ಟರ್ ಹಿಟ್ಟು ಕಲಸಿ ಸುರಿದು, ಗಟ್ಟಿಯಾದ ಮೇಲೆ ಚಿಪ್ಪು ಒಡೆದರೆ ಕಾಲಿನದೇ ಬಿಳಿ ಅಚ್ಚು. “ಇದು ನನ್ನ ಕಾಲಾ? ಗೆಣಸಿದ್ದಂಗಿದೆ,” ಅಂದ. ಎಲ್ಲ ಶುಭಲಕ್ಷಣವೇ.

ಇಲ್ಲಿ ಆ ಕೋಣೆಯ ಒಂದು ಕಟ್ಟಳೆ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಹೊದಿಸಿದರೆ ಅದೇ ಸಾಕೆಟ್ ಆಗುತ್ತದೆ. ಹಾಗಾಗಿ ಅಚ್ಚನ್ನು ಎಲ್ಲಿ ಅರದಿಂದ ಉಜ್ಜಿ ತಗ್ಗಿಸುತ್ತೀರೋ ಅಲ್ಲಿ ಪ್ಲಾಸ್ಟಿಕ್ ಒಳಕ್ಕೆ ಬಂದು ಕಾಲನ್ನು ಒತ್ತುತ್ತದೆ. ಎಲ್ಲಿ ಪ್ಲಾಸ್ಟರ್ ಮೆತ್ತಿ ಉಬ್ಬಿಸುತ್ತೀರೋ ಅಲ್ಲಿ ಕಾಲಿಗೆ ಜಾಗ ಸಿಗುತ್ತದೆ. ಭಾರ ಹೊರಬಲ್ಲ ಮೆತ್ತನೆಯ ಕಡೆ ಉಜ್ಜು, ನೋಯುವ ಮೂಳೆಯ ಕಡೆ ಮೆತ್ತು. ಟೇಪಕ್ಕ ಇದನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರಾ ಅಂಕ ತಗೊಂಡಿದ್ದಳು.

ಆದರೆ ಬರೆದ ಕೈಗೂ ಕೆಲಸದ ಕೈಗೂ ಮಾತುಕತೆ ಇರಬೇಕಲ್ಲ! ಹೊಲಿಗೆಯಲ್ಲಿ ಅವಳ ಕೈ ಕಲಿತದ್ದು ಇಷ್ಟೇ: ಎಲ್ಲಿ ಬಿಗಿ ಅನ್ನುತ್ತಾರೋ ಅಲ್ಲಿ ಕಡಿಮೆ ಮಾಡು, ಬಿಚ್ಚು, ತೆಗೆ. ಅಚ್ಚಿನ ಹೊರಬದಿಯಲ್ಲಿ ಆ ಹಾಳು ಮೂಳೆಯ ಉಬ್ಬು ಎದ್ದು ಕಾಣುತ್ತಿತ್ತು. ಅಣ್ಣನನ್ನು ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದ ಉಬ್ಬು. ಅವಳಿಗೆ ಅದನ್ನು ನೋಡಿಯೇ ಸಿಟ್ಟು. ‘ಇದೇ ಅಲ್ವಾ ಒತ್ತೋದು, ಇರು ನಿನಗೆ ಮಾಡ್ತೀನಿ’ ಎಂದು ಹಾಡು ಗುನುಗುತ್ತಾ ಅರ ಹಿಡಿದು ಉಜ್ಜಿದಳು, ಉಜ್ಜಿದಳು, ಉಬ್ಬು ನುಣ್ಣಗಾಗುವತನಕ ಉಜ್ಜಿದಳು. ಮೇಡಂ ಬಾಗಿಲಲ್ಲಿ ನಿಂತು ನೋಡಿದರು, ಬಾಯಿ ತೆರೆದರು, ನಿಯಮ ನೆನಪಾಗಿ ಮುಚ್ಚಿಕೊಂಡು ಹೊರಟುಹೋದರು.

ಪರೀಕ್ಷೆಯ ದಿನ ಬಂತು. ಪಾರದರ್ಶಕ ಸಾಕೆಟ್ಟಿಗೆ ಕೆಳಗೆ ಕಬ್ಬಿಣದ ಕೊಳವೆ, ಅದಕ್ಕೆ ಪಾದ, ಪಾದಕ್ಕೆ ಬೂಟು ಜೋಡಿಸಿ ಸಜ್ಜಾಯಿತು. ಅತ್ತಿಗೆ ಗೋಡೆಯ ಬದಿಯ ಬೆಂಚಿನಲ್ಲಿ ಕೈ ಹಿಸುಕಿಕೊಂಡು ಕೂತಿದ್ದಳು. ಪರೀಕ್ಷಕರು ಕುರ್ಚಿ ಎಳೆದುಕೊಂಡು ಕೂತರು. ಸೌಮ್ಯ ಮನುಷ್ಯ, ಇಸ್ತ್ರಿಯ ಅಂಗಿ, ಎಲ್ಲ ಸರಿ. ತಲೆಗೂದಲು ಮಾತ್ರ ದೇವರಿಗೇ ಪ್ರೀತಿ. ಒಂದು ಕಿವಿಯ ಪಕ್ಕ ಕಪಾಳದವರೆಗೆ ಇಳಿದಿತ್ತು, ಇನ್ನೊಂದು ಕಿವಿಯ ಪಕ್ಕ ಮೇಲೇ ನಿಂತಿತ್ತು. ಹಿಂದೆ ಮೆಟ್ಟಿಲು ಮೆಟ್ಟಿಲು.

ಗೊಣಗಣ್ಣ ದಪ್ಪ ಸಾಕ್ಸ್ ಏರಿಸಿ ಕಾಲನ್ನು ಸಾಕೆಟ್ಟಿಗೆ ಇಳಿಸಿದ. ಎರಡು ಬದಿಯ ಕಂಬಿ ಹಿಡಿದು ಎದ್ದ. ಆ ತುದಿಯವರೆಗೆ ನಡೆದ, ಈ ತುದಿಗೆ ಬಂದ.

“ಹೇಗಿದೆ?” ಅಂದರು ಪರೀಕ್ಷಕರು.

“ಚೆನ್ನಾಗಿದೆ ಸಾರ್. ಹೂವಿನ ಮೇಲೆ ನಿಂತಂಗಿದೆ. ನಮ್ಮ ತಂಗಿ ಕೈಯೇ ಕೈ.”

ಪರೀಕ್ಷಕರ ಮುಖ ಅರಳಿತು. ಟೇಪಕ್ಕನೂ ಒಂದು ಕ್ಷಣ ಉಬ್ಬಿಹೋದಳು. ಹೊಗಳಿಕೆ ಯಾರಿಗೆ ಬೇಡ? ತನ್ನ ಕೆಲಸದ ಬಗ್ಗೆ ಜನ್ಮದಲ್ಲಿ ಮೊದಲ ಸಲ ಅಣ್ಣನ ಬಾಯಿಂದ ಬಂದದ್ದು ಬೇರೆ. ಆಮೇಲೆ ಅವಳ ಕಣ್ಣು ಪರೀಕ್ಷಕರ ತಲೆಯ ಮೇಲೆ ಬಿತ್ತು. ಅಲ್ಲಿಂದ ಅಣ್ಣನ ಮುಖಕ್ಕೆ ಹೋಯಿತು. ಗೊಣಗಣ್ಣ ಆ ಮೇಲೆಕೆಳಗಾದ ಕಪಾಳಗೂದಲನ್ನೇ ನೇರವಾಗಿ ನೋಡುತ್ತಿದ್ದಾನೆ, ನೋಡುತ್ತಾ ಮುಗುಳ್ನಗುತ್ತಿದ್ದಾನೆ. ಅಂಥ ತಲೆ ಕಂಡೂ ಸುಮ್ಮನಿರಬೇಕಾದರೆ ಇವನಿಗೆ ಪ್ರಾಣ ಹೋಗುವಷ್ಟು ನೋವಾಗುತ್ತಿರಬೇಕು.

“ಅಣ್ಣ, ಕೂತ್ಕೋ. ಬಿಚ್ಚು.”

“ಯಾಕೆ? ಚೆನ್ನಾಗಿದೆ ಅಂದ್ನಲ್ಲ.”

“ಅದಕ್ಕೇ ಬಿಚ್ಚು.”

ಅವನು ಬಗ್ಗಿ ಪಿಸುಗುಟ್ಟಿದ: “ಸುಮ್ನಿರೇ ಮಾರಾಯ್ತಿ. ಅವ್ರು ಹೂಂ ಅಂದು ಹೋಗ್ಲಿ, ನಿನ್ನ ಸೀಟು ಆಗ್ಲಿ. ಆಮೇಲೆ ನೋಡ್ಕೊಳ್ಳೋಣ.”

“ನಂಗೆ ಸೀಟು ಯಾಕೆ ಬೇಕು ಅಂತ ನಿಂಗೆ ಇನ್ನೂ ಗೊತ್ತಾಗ್ಲಿಲ್ವಾ?” ಅಂದಳು ಟೇಪಕ್ಕ. ಪಿಸುಗುಟ್ಟಲು ಹೋದದ್ದು ಕೂಗಾಗಿ ಹೊರಬಂತು. ಅಲ್ಲೇ ನೆಲದ ಮೇಲೆ ಮಂಡಿಯೂರಿ ತಾನೇ ಸಾಕೆಟ್ ಕಳಚಿದಳು, ಸಾಕ್ಸ್ ಇಳಿಸಿದಳು. ಮೂಳೆಯ ಉಬ್ಬಿನ ಮೇಲೆ ಚರ್ಮ ಕೆಂಡದಂತೆ ಕೆಂಪಾಗಿ, ನಡುವೆ ನೀಲಿಗಟ್ಟಲು ಶುರುವಾಗಿತ್ತು. ಅದರ ಮೇಲೆ ಬೆರಳಿಡುತ್ತಲೇ ಅವಳ ಕೈಗೆ ಅರ ನೆನಪಾಯಿತು.

“ಮೆತ್ತಬೇಕಿತ್ತು ಸಾರ್,” ಅಂದಳು ಪರೀಕ್ಷಕರ ಕಡೆ ತಿರುಗದೆ. “ನಾನು ಉಜ್ಜಿಬಿಟ್ಟೆ.”

ಬಿಚ್ಚಿಸಿ ಚರ್ಮ ನೋಡುವುದು ಹೇಗೂ ಪರೀಕ್ಷಕರ ಮುಂದಿನ ಕೆಲಸವೇ ಆಗಿತ್ತು. ಪಾಪ, ಗೊಣಗಣ್ಣನಿಗೆ ಅದು ಗೊತ್ತಿರಲಿಲ್ಲ. ಪರೀಕ್ಷಕರು ಆ ಕೆಂಪನ್ನು ನೋಡಿದರು, ನೆಲದ ಮೇಲೆ ಕೂತವಳನ್ನು ನೋಡಿದರು. “ಮುಂದಿನ ವಾರ ಇದೇ ದಾರೀಲಿ ಬರ್ತೀನಿ. ಇನ್ನೊಂದು ಮಾಡಿಡಿ. ಅದೂ ಹೀಗಾದ್ರೆ ನಾನೇನೂ ಮಾಡೋ ಹಾಗಿಲ್ಲ,” ಎಂದು ಎದ್ದರು.

ವ್ಯಾನಿನಲ್ಲಿ ಮನೆಗೆ ಬರುವಾಗ ಅಣ್ಣತಂಗಿಯರ ಜಗಳ ಗಗನಕ್ಕೇರಿತ್ತು. ಗಂಡ ಕನ್ನಡಿಯಲ್ಲಿ ನೋಡುತ್ತಾ ತೆಪ್ಪಗೆ ಗಾಡಿ ಓಡಿಸಿದ.

“ಸುಳ್ಳು ಯಾಕೋ ಹೇಳ್ದೆ?”

“ನೀನು ಆ ಬಿಳಿ ಕೋಟು ಹಾಕ್ಕೊಂಡು ನಿಂತಿದ್ದೆ. ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ.”

“ಪರರ ತಲೆಗೆಲ್ಲ ಬೈತೀಯ. ನನ್ನ ಕೆಲಸಕ್ಕೆ ಬೈಯೋಕೆ ನಿಂಗೇನಾಗಿತ್ತು? ನೀನು ಬೈಯದಿದ್ರೆ ನಾನು ಹೇಗೋ ಕಲೀಲಿ?” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ತಾನು ಉಜ್ಜಿದ ಒಂದೊಂದು ಎಳೆತವೂ ಅವನ ಮೂಳೆಯ ಮೇಲೆ ಬಿದ್ದಿತ್ತಲ್ಲ ಎಂಬ ಸಂಕಟ ಅದು. ಗೊಣಗಣ್ಣ ಕಿಟಕಿಯ ಹೊರಗೆ ನೋಡುತ್ತಾ, ಷರತ್ತು ಷರತ್ತೇ, ಇನ್ನು ಆ ಕೋಣೆಗೆ ಕಾಲಿಡುವುದಿಲ್ಲ ಅಂದ. ತಂಗಿ ಅತ್ತರೂ ಕರಗಲಿಲ್ಲ, ಭಾವಮೈದುನ ಹೇಳಿದರೂ ಕೇಳಲಿಲ್ಲ. ಕೊನೆಗೆ ಅತ್ತಿಗೆ ಬಾಯಿ ತೆಗೆದಳು.

“ಅಂಗಡಿ ಬಿಟ್ಟುಕೊಟ್ಟು ದಿನವಿಡೀ ಮನೇಲೇ ಕೂತ್ಕೋತೀರಾ? ನನ್ನ ಅಡುಗೆಮನೆ ಎದುರಿಗೆ?”

“ಕೂತ್ಕೋತೀನಿ.”

“ನನ್ನ ಕೈಲಾಗಲ್ಲ. ಹೋಗಿ ಪ್ಲಾಸ್ಟರ್ ಹಾಕಿಸ್ಕೊಂಡು ಬನ್ನಿ.”

“ಸರಿ, ಆ ಹಿಮ ಇನ್ನೊಂದ್ಸಲ ಸುತ್ತಿಸ್ಕೋತೀನಿ,” ಎಂದು ಗೊಣಗಣ್ಣ ಗೊಣಗಿದ.

ಚರ್ಮದ ಕೆಂಪು ಪೂರ್ತಿ ಆರಿದೆ ಎಂದು ಮೇಡಂ ನೋಡಿ ಹೇಳಿದ ಮೇಲೆ ಮತ್ತೆ ಪಟ್ಟಿ ಸುತ್ತಿದ್ದಾಯಿತು, ಮತ್ತೆ ಅಚ್ಚು ಎದ್ದಿತು. ಈ ಸಲ ಟೇಪಕ್ಕ ಮಾಡಿದ ಮೊದಲ ಕೆಲಸ, ಅರವನ್ನು ಕೊಂಡೊಯ್ದು ಮೇಡಂ ಮೇಜಿನ ಡ್ರಾಯರಿಗೆ ಹಾಕಿದ್ದು. “ನಾನು ಮೆತ್ತಿ ಮುಗಿಸೋ ತನಕ ಕೇಳಿದ್ರೂ ಕೊಡಬೇಡಿ ಮೇಡಂ.” ಮೇಡಂ ಮಾತಾಡುವಂತಿಲ್ಲ, ಆದರೆ ಡ್ರಾಯರಿಗೆ ಬೀಗ ಹಾಕುವಂತಿಲ್ಲ ಎಂದು ಯಾವ ನಿಯಮವೂ ಹೇಳಿರಲಿಲ್ಲ. ಕೀಲಿ ಸೆರಗಿನ ಗಂಟು ಸೇರಿತು.

ಚಮಚದಲ್ಲಿ ಪ್ಲಾಸ್ಟರ್ ತೆಗೆದು ಮೂಳೆಯ ಉಬ್ಬಿನ ಮೇಲೆ ಇನ್ನೊಂದು ಉಬ್ಬು ಮೆತ್ತಿದಳು. ನೋಡಲು ಅಸಹ್ಯವಾಗಿತ್ತು, ಹೊಲಿಗೆಯವಳ ಕಣ್ಣಿಗೆ ಅದು ತಪ್ಪು, ಶುದ್ಧ ತಪ್ಪು. ಕೈ ತುರಿಸಿತು. ತುರಿಸುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಳು. ಅಚ್ಚಿನ ಮುಂಬದಿಯ ಮೂಳೆಯಂಚಿಗೂ ಮೆತ್ತಿ, ಒಣಗಿದ ಮೇಲೆ ಅರ ಇಸಿದುಕೊಂಡು ಮಂಡಿಚಿಪ್ಪಿನ ಕೆಳಗಿನ ಗಟ್ಟಿ ನರಪಟ್ಟಿಯ ಜಾಗವನ್ನೂ ಹಿಂದಿನ ಮಾಂಸದ ಭಾಗವನ್ನೂ ಮಾತ್ರ ಉಜ್ಜಿದಳು. ಪ್ರತಿ ಸಲ ಅರ ಎಳೆಯುವ ಮೊದಲು, ‘ಇಲ್ಲಿ ಅಣ್ಣನಿಗೆ ಒತ್ತುತ್ತೆ, ಒತ್ತಬಹುದಾ?’ ಎಂದು ಬಾಯಿಬಿಟ್ಟು ಕೇಳಿಕೊಂಡಳು. ಪಕ್ಕದ ಮೇಜಿನ ಹುಡುಗಿಯರು, ಅಕ್ಕನಿಗೆ ಓದು ತಲೆಗೇರಿತು ಎಂದು ಮುಸಿಮುಸಿ ನಕ್ಕರು.

ಪರೀಕ್ಷಕರು ಹೇಳಿದ ವಾರದಲ್ಲೇ ಬಂದರು. ಅವಸರದಲ್ಲಿದ್ದರು. ತಲೆ ಹೋದ ವಾರದ್ದೇ, ಆದರೆ ಇನ್ನಷ್ಟು ಬೆಳೆದು ಕೆಟ್ಟಿತ್ತು. ಅತ್ತಿಗೆ ಅದೇ ಬೆಂಚಿನಲ್ಲಿ. ಗಂಡನೂ ವ್ಯಾನ್ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದ. ಗೊಣಗಣ್ಣ ಸಾಕ್ಸ್ ಏರಿಸಿದ, ಸಾಕೆಟ್ಟಿಗೆ ಕಾಲಿಟ್ಟ, ಕಂಬಿಗಳ ನಡುವೆ ಹೋಗಿ ಬಂದ. ಒಮ್ಮೆ ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು ನೋಡಿದ. ಮುಖದಲ್ಲಿ ಏನೂ ಇಲ್ಲ. ಟೇಪಕ್ಕ ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದುಕೊಂಡಿದ್ದಳು.

“ಹೇಗಿದೆ?” ಅಂದರು ಪರೀಕ್ಷಕರು.

ಚೆನ್ನಾಗಿದೆ ಅನ್ನಬೇಡ, ದಮ್ಮಯ್ಯ, ಚೆನ್ನಾಗಿದೆ ಅನ್ನಬೇಡ ಎಂದು ಟೇಪಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು.

ಗೊಣಗಣ್ಣ ಪರೀಕ್ಷಕರನ್ನೇ ನೋಡುತ್ತಿದ್ದ. ಹುಬ್ಬು ಗಂಟಿಕ್ಕಿತು. ಮೂಗಿನ ತುದಿ ಸೊಟ್ಟಗಾಯಿತು. ಕಂಬಿಯಿಂದ ಒಂದು ಕೈ ಬಿಟ್ಟಿತು, ಆಮೇಲೆ ಇನ್ನೊಂದು.

“ಸಾರ್, ಬೇಜಾರು ಮಾಡ್ಕೋಬೇಡಿ. ಹೋದ ಸಲಾನೇ ಕೇಳಬೇಕಿತ್ತು. ಈ ತಲೆ ಯಾರು ಮುಟ್ಟಿದ್ದು?”

“ಆಂ?”

“ಅಲ್ಲ, ಒಂದು ಕಡೆ ಕಪಾಳಕ್ಕಿಳಿದಿದೆ, ಒಂದು ಕಡೆ ಕಿವಿ ಮೇಲೇ ನಿಂತಿದೆ. ಹಿಂದೆ ನೋಡಿದ್ರೆ...” ಹಿಂದೆ ನೋಡಲು ಹೊರಟೇಬಿಟ್ಟ. ಕಂಬಿಗಳಾಚೆ ಬಂದು, ಪರೀಕ್ಷಕರ ಕುರ್ಚಿಯ ಪಕ್ಕ ಹಾದು ಹಿಂದಕ್ಕೆ ಹೋದ, ಅಲ್ಲಿಂದ ಇನ್ನೊಂದು ಬದಿಗೆ, ಮತ್ತೆ ಮುಂದಕ್ಕೆ. ಎರಡೂ ಕೈ ಅವರ ತಲೆಯ ಮೇಲಿತ್ತು. ಗದ್ದ ಹಿಡಿದು ತಿರುಗಿಸಿದ. “ಅಯ್ಯೋ ರಾಮ, ಏನ್ರೀ ಇದು, ಮೆಟ್ಟಿಲು ಕಟ್ಟಿದಾರೆ! ಕತ್ತರಿ ಹಿಡಿದಿದ್ನೋ, ಕುಡುಗೋಲು ಹಿಡಿದಿದ್ನೋ?”

ಅತ್ತಿಗೆ ಬೆಂಚಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಡಂ ಕಣ್ಣು ಗೊಣಗಣ್ಣನ ಬೂಟುಗಳಿಂದ ಕದಲಲಿಲ್ಲ. ಪರೀಕ್ಷಕರಿಗೆ ಮೊದಲು ಸಿಟ್ಟು ಬಂದಿತ್ತೋ ಏನೋ, ಆದರೆ ಅರ್ಧ ಸುತ್ತಿನಲ್ಲೇ ಅವರಿಗೂ ಗೊತ್ತಾಯಿತು. ಅಲುಗಾಡದೆ ಕೂತು, ತಲೆ ಬಗ್ಗಿಸಿ, ತಮ್ಮ ಸುತ್ತ ತಿರುಗುತ್ತಿದ್ದ ಪಾದವನ್ನೇ ನೋಡತೊಡಗಿದರು.

“ನನ್ನ ಹೆಂಡ್ತಿ,” ಅಂದರು ಮೆಲ್ಲಗೆ. “ಮನೇಲೇ ಕತ್ತರಿಸ್ತಾಳೆ.”

“ಅವ್ರಿಗೆ ನನ್ನ ನಮಸ್ಕಾರ ಹೇಳಿ. ಕತ್ತರಿ ಕಿತ್ತಿಡಿ.”

“ಆಯ್ತು, ಹೇಳ್ತೀನಿ. ಕಾಲು ಹೇಗಿದೆ?”

ಗೊಣಗಣ್ಣನ ಬೆರಳು ಇನ್ನೂ ಅವರ ಕಿವಿಯ ಹಿಂದಿನ ಕೂದಲಿನಲ್ಲೇ ಇತ್ತು.

“ಯಾವ ಕಾಲು?” ಅಂದ.

ಎಲ್ಲರ ಕಣ್ಣೂ ಅವನ ಪಾದದ ಮೇಲಿತ್ತು. ಆಗ ಅವನು ಕೆಳಗೆ ನೋಡಿಕೊಂಡ. ಕಂಬಿ ದೂರದಲ್ಲಿತ್ತು, ಊರುಗೋಲು ಗೋಡೆಗೆ ಒರಗಿತ್ತು, ತಾನು ಕುರ್ಚಿಯ ಪಕ್ಕ ನಿಂತಿದ್ದ. ತಂಗಿಯ ಕಡೆ ನೋಡಲು ಆಗದೆ ಸಾಕೆಟ್ಟನ್ನೇ ದುರುಗುಟ್ಟಿ ನೋಡಿದ.

“ಓ, ಇದಾ? ಇದಕ್ಕೆ ಬಣ್ಣಾನೇ ಇಲ್ವಲ್ಲೇ. ಬಣ್ಣ ಸರಿಯಾಗಿರ್ಲಿ ಅಂತ ಅವತ್ತೇ ಹೇಳಿರ್ಲಿಲ್ವಾ?”

ಟೇಪಕ್ಕ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡು ಬಂದು, ಅವನನ್ನು ಕೂರಿಸಿ, ಎದುರು ಮಂಡಿಯೂರಿದಳು. ಸಾಕೆಟ್ ಕಳಚಿದಳು, ಸಾಕ್ಸ್ ಇಳಿಸಿದಳು. ಉಬ್ಬಿನ ಮೇಲೆ ಸಾಕ್ಸಿನ ನೇಯ್ಗೆಯ ಸಣ್ಣ ಗುರುತು ಬಿಟ್ಟರೆ ಏನೂ ಇರಲಿಲ್ಲ. ಬಗ್ಗಿ ನೋಡುತ್ತಿದ್ದ ಪರೀಕ್ಷಕರು ಹೂಂ ಅಂದರು. ಆಮೇಲೆ ಗೊಣಗಣ್ಣನ ಕಡೆ ತಿರುಗಿ, ಅಂಗಡಿ ಬೆಳಗ್ಗೆ ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಎಂದು ಕೇಳಿದರು.